ಒಮಾಹಾದ ಒಂದು ಮತ, ಫ್ಲಾರಿಡಾದ 537 ಮತ: ಅಮೆರಿಕದ ಅಧ್ಯಕ್ಷರನ್ನು ಆರಿಸುವ ರಾಜ್ಯಗಳ ಲೆಕ್ಕ

2024ರ ಚುನಾವಣೆಗೆ ಕೆಲವೇ ವಾರಗಳು ಉಳಿದಿದ್ದಾಗ, ನೆಬ್ರಾಸ್ಕ ರಾಜ್ಯದ ಒಮಾಹಾ ನಗರದ ಮನೆಗಳ ಮುಂದೆ ಒಂದು ವಿಚಿತ್ರ ಫಲಕ ಕಾಣಿಸಿಕೊಂಡಿತ್ತು. ಬಿಳಿಯ ಹಲಗೆಯ ನಡುವೆ ದುಂಡಗಿನ ದೊಡ್ಡ ನೀಲಿ ಚುಕ್ಕೆ, ಅಷ್ಟೇ. ಅಭ್ಯರ್ಥಿಯ ಹೆಸರಿಲ್ಲ, ಪಕ್ಷದ ಹೆಸರಿಲ್ಲ, ಘೋಷಣೆಯೂ ಇಲ್ಲ. ಊರಿನವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1964ರ ನಂತರ ಒಮ್ಮೆಯೂ ಡೆಮಾಕ್ರಟಿಕ್ ಅಭ್ಯರ್ಥಿಗೆ ಒಲಿಯದ ನೆಬ್ರಾಸ್ಕದ ಕೆಂಪು (ರಿಪಬ್ಲಿಕನ್) ನಕ್ಷೆಯಲ್ಲಿ ಒಮಾಹಾ ಸುತ್ತಲಿನ ಎರಡನೇ ಕ್ಷೇತ್ರ ಮಾತ್ರ ಡೆಮಾಕ್ರಟಿಕ್ ಪಕ್ಷದ ನೀಲಿ ಚುಕ್ಕೆಯಾಗಿ ಉಳಿಯಬಹುದು, ಆ ಚುಕ್ಕೆಯ ಬೆಲೆ ಒಂದೇ ಒಂದು ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ 538 ಮತಗಳಲ್ಲಿ ಒಂದು), ಮತ್ತು ಆ ಒಂದು ಮತವೇ ಅಧ್ಯಕ್ಷರು ಯಾರೆಂದು ನಿರ್ಣಯಿಸಬಹುದು ಎಂಬುದು ಅದರ ಒಕ್ಕಣೆಯಾಗಿತ್ತು.

ಇದು ಉತ್ಪ್ರೇಕ್ಷೆಯಾಗಿರಲಿಲ್ಲ. ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ತಮ್ಮ ಪಕ್ಷದ ಭದ್ರ ರಾಜ್ಯಗಳನ್ನು ಉಳಿಸಿಕೊಂಡು, ಅದರ ಮೇಲೆ ಪೆನ್ಸಿಲ್ವೇನಿಯಾ, ಮಿಷಿಗನ್ ಮತ್ತು ವಿಸ್ಕಾನ್ಸಿನ್‌ಗಳನ್ನು ಗೆದ್ದರೆ ಅವರ ಲೆಕ್ಕ ಸರಿಯಾಗಿ 269ಕ್ಕೆ ಬಂದು ನಿಲ್ಲುತ್ತಿತ್ತು; ಗೆಲ್ಲಲು ಬೇಕಾದದ್ದು 270. ಕೊರತೆ ಬೀಳುವ ಆ ಒಂದು ಮತ ಒಮಾಹಾದಲ್ಲಿತ್ತು. ಆದ್ದರಿಂದಲೇ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಅವರು ವಾಷಿಂಗ್ಟನ್‌ನಿಂದ ನೆಬ್ರಾಸ್ಕಕ್ಕೆ ಬಂದು, ಕ್ಷೇತ್ರದಲ್ಲಿ ಗೆದ್ದವರಿಗೆ ಆ ಕ್ಷೇತ್ರದ ಮತ ಕೊಡುವ ಕ್ಷೇತ್ರವಾರು ಪದ್ಧತಿಯನ್ನು ಕೈಬಿಟ್ಟು ಐದೂ ಮತಗಳನ್ನು ರಾಜ್ಯದ ವಿಜೇತರಿಗೇ ಕೊಡುವಂತೆ ಕಾನೂನು ಬದಲಿಸಿ ಎಂದು ಅಲ್ಲಿನ ಶಾಸಕರನ್ನು ಒತ್ತಾಯಿಸಿದರು. ಒಮಾಹಾದ ರಿಪಬ್ಲಿಕನ್ ಶಾಸಕ ಮೈಕ್ ಮೆಕ್‌ಡಾನೆಲ್ ಚುನಾವಣೆ ಹೊಸ್ತಿಲಲ್ಲಿರುವಾಗ ನಿಯಮ ಬದಲಿಸಲು ತಾವು ಒಪ್ಪುವುದಿಲ್ಲವೆಂದು ಹೇಳಿದ ಮೇಲೆ ಆ ಪ್ರಯತ್ನ ಅಲ್ಲಿಗೇ ನಿಂತಿತು. ಕೊನೆಗೆ ಒಮಾಹಾ ಹ್ಯಾರಿಸ್ ಅವರಿಗೇ ಒಲಿಯಿತು, ಆದರೆ ಅದರಿಂದ ಏನೂ ಆಗಲಿಲ್ಲ: ಡೊನಾಲ್ಡ್ ಟ್ರಂಪ್ ಏಳೂ ನಿರ್ಣಾಯಕ ರಾಜ್ಯಗಳನ್ನು ಗೆದ್ದು 312 ಮತ ಪಡೆದರು, ಹ್ಯಾರಿಸ್ 226ರಲ್ಲಿ ಉಳಿದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು, ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನೇ ತಿರುಗಿಸಬಹುದಾದ ನಿಯಮವೊಂದನ್ನು ಬದಲಿಸಲು ಸಂವಿಧಾನ ತಿದ್ದುಪಡಿ ಬೇಕಿರಲಿಲ್ಲ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆಯೂ ಬೇಕಿರಲಿಲ್ಲ, 49 ಸದಸ್ಯರ ಒಂದು ರಾಜ್ಯ ಶಾಸನಸಭೆ ಮನಸ್ಸು ಮಾಡಿದ್ದರೆ ಸಾಕಿತ್ತು ಎಂಬ ಸಂಗತಿ. ಎಲೆಕ್ಟೋರಲ್ ಕಾಲೇಜ್, ಅಂದರೆ ಈ ಎಲೆಕ್ಟೋರಲ್ ಮತಗಳ ವ್ಯವಸ್ಥೆ, ಎಂದೊಡನೆ ನಮ್ಮ ಪತ್ರಿಕೆಗಳು ಸಣ್ಣ ರಾಜ್ಯಗಳಿಗೆ ಸಿಗುವ ಹೆಚ್ಚಿನ ತೂಕದ ಬಗ್ಗೆ ಬರೆಯುತ್ತವೆ. ಆ ತೂಕ ಇರುವುದು ನಿಜ. ಆದರೆ ಹಣಾಹಣಿಯ ಚುನಾವಣೆಯನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಅದಲ್ಲ. ರಾಜ್ಯದಲ್ಲಿ ಒಂದು ಮತ ಮುಂದಿರುವವರಿಗೆ ಆ ರಾಜ್ಯದ ಪಾಲೆಲ್ಲವನ್ನೂ ಕೊಟ್ಟುಬಿಡುವ ನಿಯಮ.

ಲೆಕ್ಕ ಸರಳವಾಗಿದೆ. ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳಿವೆ, ಸೆನೆಟ್‌ನಲ್ಲಿ ರಾಜ್ಯಕ್ಕೆ ಎರಡರಂತೆ ನೂರು. ಪ್ರತಿ ರಾಜ್ಯಕ್ಕೂ ಈ ಎರಡೂ ಸದನಗಳಲ್ಲಿ ತನಗಿರುವ ಸ್ಥಾನಗಳಷ್ಟೇ ಎಲೆಕ್ಟರುಗಳು, ಅಂದರೆ ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿಗಳು. 1961ರ 23ನೇ ತಿದ್ದುಪಡಿ ರಾಜಧಾನಿ ವಾಷಿಂಗ್ಟನ್‌ಗೆ ಮೂವರನ್ನು ಕೊಟ್ಟಿತು. ಒಟ್ಟು 538, ಬಹುಮತಕ್ಕೆ 270. ಈಗ ಕ್ಯಾಲಿಫೋರ್ನಿಯಾಕ್ಕೆ 54, ಟೆಕ್ಸಸ್‌ಗೆ 40, ವಯೋಮಿಂಗ್‌ಗೆ 3. ಮತದಾರ ಮತಯಂತ್ರದ ಮುಂದೆ ನಿಂತು ಟ್ರಂಪ್ ಅಥವಾ ಹ್ಯಾರಿಸ್ ಹೆಸರಿಗೆ ಗುರುತು ಹಾಕಿದರೂ, ಕಾನೂನಿನ ಪ್ರಕಾರ ಆತ ಆರಿಸುತ್ತಿರುವುದು ಆ ಅಭ್ಯರ್ಥಿಯ ಪಕ್ಷ ತನ್ನ ರಾಜ್ಯದಲ್ಲಿ ಮೊದಲೇ ಹೆಸರಿಸಿಟ್ಟ ಎಲೆಕ್ಟರುಗಳ ತಂಡವನ್ನು. ಅವರು ಡಿಸೆಂಬರ್‌ನಲ್ಲಿ ತಮ್ಮ ತಮ್ಮ ರಾಜ್ಯಗಳಲ್ಲಿ ಸೇರಿ ಮತ ಹಾಕುತ್ತಾರೆ, ಜನವರಿ 6ರಂದು ಕಾಂಗ್ರೆಸ್ ಅದನ್ನು ಎಣಿಸುತ್ತದೆ.

1787ರ ಸಂವಿಧಾನ ಎಲೆಕ್ಟರುಗಳ ಸಂಖ್ಯೆಯನ್ನು ನಿಗದಿ ಮಾಡಿತೇ ಹೊರತು ಅವರನ್ನು ಹೇಗೆ ಆರಿಸಬೇಕೆಂದು ಹೇಳಲಿಲ್ಲ. ಅದನ್ನು ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟಿತು. ಮೊದಮೊದಲು ಕೆಲವು ರಾಜ್ಯಗಳಲ್ಲಿ ಶಾಸಕರೇ ಎಲೆಕ್ಟರುಗಳನ್ನು ಆರಿಸುತ್ತಿದ್ದರು, ಕೆಲವೆಡೆ ಕ್ಷೇತ್ರವಾರು ಚುನಾವಣೆ ನಡೆಯುತ್ತಿತ್ತು. 1800ರಲ್ಲಿ ಥಾಮಸ್ ಜೆಫರ್ಸನ್ ಅವರ ತವರು ವರ್ಜೀನಿಯಾ, ಕ್ಷೇತ್ರವಾರು ಹೋದರೆ ಎದುರಾಳಿ ಜಾನ್ ಆಡಮ್ಸ್‌ಗೆ ಕೆಲವು ಮತಗಳು ಸೋರಿಹೋಗುತ್ತವೆಂದು ಎಣಿಸಿ, ಇಡೀ ರಾಜ್ಯವನ್ನು ಒಂದೇ ಕ್ಷೇತ್ರವನ್ನಾಗಿ ಮಾಡಿತು. ಆಡಮ್ಸ್ ಅವರ ತವರು ಮ್ಯಾಸಚೂಸೆಟ್ಸ್ ಸುಮ್ಮನಿರಲಿಲ್ಲ, ಅಲ್ಲಿನ ಶಾಸನಸಭೆ ಎಲೆಕ್ಟರುಗಳ ಆಯ್ಕೆಯನ್ನು ತನ್ನ ಕೈಗೇ ತೆಗೆದುಕೊಂಡಿತು. ಒಬ್ಬರು ಗಂಟು ಕಟ್ಟಿದ ಮೇಲೆ ಇನ್ನೊಬ್ಬರು ಬಿಡಿಯಾಗಿ ಹಂಚುತ್ತ ಕೂರುವುದು ದಡ್ಡತನ. 1836ರ ಹೊತ್ತಿಗೆ ದಕ್ಷಿಣ ಕೆರೊಲೈನಾ ಒಂದನ್ನು ಬಿಟ್ಟು ಉಳಿದ ರಾಜ್ಯಗಳೆಲ್ಲ ಗೆದ್ದವರಿಗೇ ಎಲ್ಲ ಎಂಬ ಪದ್ಧತಿಗೆ ಬಂದಿದ್ದವು. ಸಂವಿಧಾನ ರಚನೆಯಾಗುವಾಗ ಹೆಚ್ಚಿನವರ ಮನಸ್ಸಿನಲ್ಲಿದ್ದದ್ದು ಕ್ಷೇತ್ರವಾರು ಪದ್ಧತಿ ಎಂದು ಜೇಮ್ಸ್ ಮ್ಯಾಡಿಸನ್ 1823ರ ಪತ್ರವೊಂದರಲ್ಲಿ ಬರೆದಿದ್ದಾರೆ. ಇಂದು ಅದು ಉಳಿದಿರುವುದು ಎರಡೇ ಕಡೆ: 1972ರಿಂದ ಮೇನ್‌ನಲ್ಲಿ, 1992ರಿಂದ ನೆಬ್ರಾಸ್ಕದಲ್ಲಿ. 2024ರಲ್ಲಿ ನೆಬ್ರಾಸ್ಕ ಕಾನೂನು ಬದಲಿಸಿದರೆ ನಾವೂ ಬದಲಿಸಬೇಕಾದೀತು ಎಂದು ಮೇನ್‌ನ ಡೆಮಾಕ್ರಟಿಕ್ ನಾಯಕರು ಎಚ್ಚರಿಸಿದ್ದನ್ನು ನೋಡಿದರೆ, 1800ರ ಜಗಳ ಇನ್ನೂ ಮುಗಿದಿಲ್ಲ ಎನಿಸುತ್ತದೆ.

ಹೆಚ್ಚು ಮತ ಪಡೆದವರು ಸೋಲುವುದು ಕನ್ನಡದ ಓದುಗರಿಗೆ ಹೊಸದೇನೂ ಅಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು ಮತ, ಬಿಜೆಪಿಗೆ ಶೇ 36ಕ್ಕಿಂತ ತುಸು ಹೆಚ್ಚು. ಆದರೆ ಸ್ಥಾನಗಳು ಕಾಂಗ್ರೆಸ್‌ಗೆ 80, ಬಿಜೆಪಿಗೆ 104. ಮತ ಎಷ್ಟು ಎಂಬುದಕ್ಕಿಂತ ಎಲ್ಲಿ ಬಿದ್ದಿತು ಎಂಬುದು ಮುಖ್ಯವಾದಾಗ ಹೀಗಾಗುತ್ತದೆ. ಆದರೂ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ 224 ಕ್ಷೇತ್ರಗಳು ಹೆಚ್ಚುಕಡಿಮೆ ಒಂದೇ ಗಾತ್ರದವು, ಒಂದು ಕ್ಷೇತ್ರದಲ್ಲಿ ಕೂದಲೆಳೆಯಲ್ಲಿ ಸೋತರೆ ಹೋಗುವುದು ಒಂದು ಸ್ಥಾನ. ಅಮೆರಿಕದಲ್ಲಿ ಐವತ್ತೊಂದು ತುಂಡುಗಳು, ಅವುಗಳಲ್ಲಿ ಕೆಲವು ಭಾರೀ ಗಾತ್ರದವು. ಪೆನ್ಸಿಲ್ವೇನಿಯಾವನ್ನು ಕೂದಲೆಳೆಯಲ್ಲಿ ಸೋತರೆ ಒಮ್ಮೆಗೇ 19 ಹೋಗುತ್ತವೆ.

ಫ್ಲಾರಿಡಾದಲ್ಲಿ 2000ರ ನವೆಂಬರ್ 7ರ ರಾತ್ರಿ ಹೋದದ್ದು 25. ಆ ರಾತ್ರಿ ದೂರದರ್ಶನ ವಾಹಿನಿಗಳು ಮೊದಲು ಫ್ಲಾರಿಡಾವನ್ನು ಡೆಮಾಕ್ರಟಿಕ್ ಅಭ್ಯರ್ಥಿ ಆಲ್ ಗೋರ್ ಅವರಿಗೆ ಕೊಟ್ಟವು, ಆಮೇಲೆ ಹಿಂತೆಗೆದುಕೊಂಡವು, ನಡುರಾತ್ರಿ ಕಳೆದ ಮೇಲೆ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ ಅವರಿಗೆ ಕೊಟ್ಟವು, ಬೆಳಕು ಹರಿಯುವ ಮುನ್ನ ಅದನ್ನೂ ಹಿಂತೆಗೆದುಕೊಂಡವು. ಗೋರ್ ಅಂತೂ ಬುಷ್‌ಗೆ ಕರೆ ಮಾಡಿ ಸೋಲೊಪ್ಪಿಕೊಂಡು, ಸುಮಾರು ಒಂದು ಗಂಟೆಯಲ್ಲಿ ಮತ್ತೆ ಕರೆ ಮಾಡಿ ಆ ಮಾತನ್ನು ವಾಪಸು ಪಡೆದರು. ಮೊದಲ ಎಣಿಕೆಯಲ್ಲಿ ಬುಷ್ ಮುಂದಿದ್ದದ್ದು 1,784 ಮತಗಳಿಂದ. ಅಂತರ ಅಷ್ಟು ಕಿರಿದಾಗಿದ್ದರಿಂದ ರಾಜ್ಯದ ಕಾನೂನಿನಂತೆ ಯಂತ್ರಗಳಲ್ಲಿ ಮರುಎಣಿಕೆ ನಡೆದು ಅದು ಕೆಲವು ನೂರಕ್ಕೆ ಇಳಿಯಿತು. ವಿದೇಶಗಳಿಂದ ಅಂಚೆಯಲ್ಲಿ ಬಂದ ಮತಗಳು ಸೇರಿ ಮತ್ತೆ ಏರಿತು. ನವೆಂಬರ್ 26ರಂದು ರಾಜ್ಯ ಪ್ರಮಾಣೀಕರಿಸಿದಾಗ 537ಕ್ಕೆ ನಿಂತಿತು. ಸುಮಾರು 60 ಲಕ್ಷ ಮತಗಳಲ್ಲಿ 537.

ಆ ದಿನಗಳ ಚಿತ್ರಗಳನ್ನು ನೋಡಿದವರಿಗೆ ಮರೆಯಲಾಗದ ದೃಶ್ಯವೊಂದಿದೆ: ಎಣಿಕೆಯ ಮೇಜಿನ ಹಿಂದೆ ಕುಳಿತ ಅಧಿಕಾರಿ ಒಂದು ಮತಪತ್ರವನ್ನು ದೀಪಕ್ಕೆ ಅಡ್ಡಹಿಡಿದು, ಕಣ್ಣು ಕಿರಿದು ಮಾಡಿ, ಭೂತಗನ್ನಡಿಯಲ್ಲಿ ನೋಡುತ್ತಿದ್ದಾರೆ. ಫ್ಲಾರಿಡಾದ ಹಲವು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಮತದಾರರು ಕಡ್ಡಿಯೊಂದರಿಂದ ಕಾರ್ಡಿಗೆ ತೂತು ಹೊಡೆಯಬೇಕಿತ್ತು. ತೂತಿನಿಂದ ಉದುರಬೇಕಾದ ಕಾಗದದ ಚೂರು, ಅಲ್ಲಿಯವರ ಮಾತಿನಲ್ಲಿ ಚ್ಯಾಡ್, ಕೆಲವು ಕಾರ್ಡುಗಳಲ್ಲಿ ಒಂದು ಮೂಲೆ ಹಿಡಿದು ನೇತಾಡುತ್ತಿತ್ತು, ಕೆಲವದರಲ್ಲಿ ಬರೀ ಉಬ್ಬು ಮೂಡಿತ್ತು. ಯಂತ್ರ ಅಂಥವನ್ನು ಮತವೆಂದು ಓದಲಿಲ್ಲ. ನೇತಾಡುವ ಚೂರು ಮತವೇ? ಉಬ್ಬು ಮತವೇ? ಒಂದು ಕೌಂಟಿ ಒಂದು ರೀತಿ ಹೇಳಿತು, ಪಕ್ಕದ ಕೌಂಟಿ ಇನ್ನೊಂದು ರೀತಿ. ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಂತೂ ಹೆಸರುಗಳು ಎಡಬಲ ಎರಡೂ ಪುಟಗಳಲ್ಲಿದ್ದು, ತೂತುಗಳ ಸಾಲು ನಡುವೆ ಒಂದೇ ಇತ್ತು. ಎಡಪುಟದಲ್ಲಿ ಎರಡನೆಯವರಾಗಿದ್ದ ಗೋರ್ ಹೆಸರಿಗೆ ಮೂರನೆಯ ತೂತು. ಎರಡನೆಯದು ಬಲಪುಟದ ಪ್ಯಾಟ್ ಬುಕ್ಯಾನನ್‌ಗೆ. ಕಟ್ಟಾ ಸಂಪ್ರದಾಯವಾದಿಯಾದ ಅವರಿಗೆ ಡೆಮಾಕ್ರಟಿಕ್ ಪಕ್ಷದ ಭದ್ರನೆಲೆಯಾಗಿದ್ದ ಆ ಕೌಂಟಿಯಲ್ಲಿ 3,407 ಮತಗಳು ಬಂದವು, ಅವೆಲ್ಲ ತನಗೆ ಉದ್ದೇಶಿಸಿದ್ದಲ್ಲವೆಂದು ಅವರೇ ಒಪ್ಪಿಕೊಂಡರು.

ಡಿಸೆಂಬರ್ 8ರಂದು ಫ್ಲಾರಿಡಾ ಸುಪ್ರೀಂ ಕೋರ್ಟ್ 4–3ರ ತೀರ್ಪಿನಲ್ಲಿ, ಯಂತ್ರಗಳು ಓದದೆ ಬಿಟ್ಟ ಮತಪತ್ರಗಳನ್ನು ರಾಜ್ಯವಿಡೀ ಕೈಯಲ್ಲಿ ಎಣಿಸಬೇಕೆಂದಿತು. ಮರುದಿನವೇ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 12ರ ರಾತ್ರಿ, ಕೌಂಟಿಗೊಂದು ಮಾನದಂಡವಿರುವ ಎಣಿಕೆ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಎಂಬ ಸಂವಿಧಾನದ ತತ್ವಕ್ಕೆ ವಿರುದ್ಧ, ಸರಿಪಡಿಸಲು ಸಮಯವೂ ಇಲ್ಲ ಎಂದು 5–4ರಲ್ಲಿ ನಿಲ್ಲಿಸಿಬಿಟ್ಟಿತು. ಬುಷ್‌ಗೆ 271, ಗೋರ್‌ಗೆ 266. ವಾಷಿಂಗ್ಟನ್‌ನ ಒಬ್ಬ ಎಲೆಕ್ಟರ್ ಪ್ರತಿಭಟನೆಯಾಗಿ ಖಾಲಿ ಮತಪತ್ರ ಹಾಕಿದ್ದರು. ದೇಶದ ಒಟ್ಟು ಮತಗಳಲ್ಲಿ ಗೋರ್ 5.4 ಲಕ್ಷದಷ್ಟು ಮುಂದಿದ್ದರು.

ಅದೇ ಚುನಾವಣೆಯಲ್ಲಿ ಇನ್ನೂ ಕಿರಿದಾದ ಅಂತರವೊಂದಿತ್ತು ಎಂಬುದು ಹೆಚ್ಚಿನವರಿಗೆ ನೆನಪಿಲ್ಲ. ನ್ಯೂ ಮೆಕ್ಸಿಕೊದಲ್ಲಿ ಗೋರ್ ಗೆದ್ದದ್ದು 366 ಮತಗಳಿಂದ. ಅಲ್ಲಿಗೆ ವಕೀಲರ ದಂಡು ಹೋಗಲಿಲ್ಲ, ಭೂತಗನ್ನಡಿಯ ಚಿತ್ರಗಳೂ ಬರಲಿಲ್ಲ. ಕಾರಣ, ಅದರ ಐದು ಮತಗಳು ಯಾರ ಪಾಲಾದರೂ ಫ್ಲಾರಿಡಾ ಗೆದ್ದವರೇ ಅಧ್ಯಕ್ಷರಾಗುತ್ತಿದ್ದರು. ರಾಜ್ಯವೊಂದು ನಿರ್ಣಾಯಕವಾಗಲು ಅಲ್ಲಿನ ಅಂತರ ಕಿರಿದಾಗಿದ್ದರೆ ಸಾಲದು, 270ರ ಗೆರೆ ಆ ರಾಜ್ಯದ ಮೇಲೆಯೇ ಹಾದುಹೋಗಬೇಕು. ವಿಶ್ಲೇಷಕರು ಇದನ್ನು ಕಂಡುಹಿಡಿಯುವ ಬಗೆ ಹೀಗೆ: ವಿಜೇತರು ಅತಿ ಹೆಚ್ಚು ಅಂತರದಿಂದ ಗೆದ್ದ ರಾಜ್ಯದಿಂದ ಆರಂಭಿಸಿ ಅಂತರ ಇಳಿಯುತ್ತ ಹೋಗುವ ಕ್ರಮದಲ್ಲಿ ರಾಜ್ಯಗಳನ್ನು ಜೋಡಿಸಿ, ಎಲೆಕ್ಟೋರಲ್ ಮತಗಳನ್ನು ಕೂಡುತ್ತ ಬರುತ್ತಾರೆ; ಮೊತ್ತ 270 ಮುಟ್ಟಿದ ರಾಜ್ಯವೇ ತಿರುವಿನ ರಾಜ್ಯ. ಆ ರಾಜ್ಯದ ಅಂತರವನ್ನು ದೇಶದ ಒಟ್ಟು ಅಂತರದೊಡನೆ ಹೋಲಿಸಿದರೆ ಈ ವ್ಯವಸ್ಥೆ ಆ ವರ್ಷ ಯಾರ ಕಡೆ ವಾಲಿತ್ತು, ಎಷ್ಟು ವಾಲಿತ್ತು ಎಂಬುದು ತಿಳಿಯುತ್ತದೆ.

2020ರಲ್ಲಿ ಆ ವಾಲಿಕೆ ಬಹಳ ದೊಡ್ಡದಾಗಿತ್ತು. ಜೋ ಬೈಡನ್ ದೇಶದಾದ್ಯಂತ ಶೇ 4.5ರಷ್ಟು, ಅಂದರೆ 70 ಲಕ್ಷ ಮತಗಳಷ್ಟು ಮುಂದಿದ್ದರು. ತಿರುವಿನ ರಾಜ್ಯವಾದ ವಿಸ್ಕಾನ್ಸಿನ್‌ನಲ್ಲಿ ಅವರ ಮುನ್ನಡೆ ಶೇ 0.6. ಅರಿಜೋನಾದಲ್ಲಿ 10,457, ಜಾರ್ಜಿಯಾದಲ್ಲಿ 11,779, ವಿಸ್ಕಾನ್ಸಿನ್‌ನಲ್ಲಿ 20,682, ಮೂರೂ ಸೇರಿ 43 ಸಾವಿರಕ್ಕೂ ಕಡಿಮೆ. ಈ ಮೂರರಲ್ಲಿ ಸರಿಯಾದ ಪ್ರಮಾಣದಲ್ಲಿ ಇಪ್ಪತ್ತೆರಡು ಸಾವಿರದಷ್ಟು ಜನ ಮನಸ್ಸು ಬದಲಿಸಿದ್ದರೆ 306–232 ಎಂದು ಕಂಡ ಫಲಿತಾಂಶ 269–269 ಆಗುತ್ತಿತ್ತು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದು, ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳಲ್ಲಿ ಒಟ್ಟು 78 ಸಾವಿರದಷ್ಟು ಮತಗಳ ಕೊರತೆಯಿಂದ ಸೋತರು.

ಹಾಗಾದರೆ ಈ ವ್ಯವಸ್ಥೆ ರಿಪಬ್ಲಿಕನ್ನರ ಪರವೇ? ಡೆಮಾಕ್ರಟಿಕ್ ಬೆಂಬಲಿಗರು ಹಾಗೆಂದು ನಂಬಿದ್ದಾರೆ, ಆದರೆ ಅಂಕಿಗಳು ಅಷ್ಟು ನಿಷ್ಠವಾಗಿಲ್ಲ. 2012ರಲ್ಲಿ ಒಬಾಮಾ ಅವರ ತಿರುವಿನ ರಾಜ್ಯ ಕೊಲರಾಡೊ. ಅಲ್ಲಿ ಅವರ ಮುನ್ನಡೆ ದೇಶದ ಮುನ್ನಡೆಗಿಂತ ಹೆಚ್ಚಿತ್ತು, ಅಂದರೆ ವಾಲಿಕೆ ಅವರ ಕಡೆಗಿತ್ತು. 2004ರಲ್ಲಿ ಬುಷ್ 30 ಲಕ್ಷ ಮತಗಳಿಂದ ಮುಂದಿದ್ದರೂ ಓಹಾಯೊದಲ್ಲಿ ಗೆದ್ದದ್ದು 1.18 ಲಕ್ಷದಷ್ಟರಿಂದ, ಆ ರಾಜ್ಯವೊಂದು ತಿರುಗಿದ್ದರೆ ಜಾನ್ ಕೆರಿ ಅಧ್ಯಕ್ಷರಾಗುತ್ತಿದ್ದರು. 2024 ಇನ್ನೂ ಸ್ವಾರಸ್ಯಕರ. ಟ್ರಂಪ್ ಆ ಬಾರಿ ಒಟ್ಟು ಮತಗಳಲ್ಲೂ 23 ಲಕ್ಷದಷ್ಟು ಮುಂದಿದ್ದರು. ಹ್ಯಾರಿಸ್ ವಿಸ್ಕಾನ್ಸಿನ್‌ನಲ್ಲಿ ಸೋತದ್ದು 29 ಸಾವಿರ, ಮಿಷಿಗನ್‌ನಲ್ಲಿ 80 ಸಾವಿರ, ಪೆನ್ಸಿಲ್ವೇನಿಯಾದಲ್ಲಿ 1.2 ಲಕ್ಷದಷ್ಟು ಮತಗಳಿಂದ. ಈ ಮೂರು ರಾಜ್ಯಗಳಲ್ಲಿ 1.15 ಲಕ್ಷದಷ್ಟು ಮತದಾರರು ಆಚೆಯಿಂದ ಈಚೆಗೆ ಬಂದಿದ್ದರೆ ಅವರು ಒಮಾಹಾದ ಆ ಒಂದು ಮತದೊಂದಿಗೆ ಸರಿಯಾಗಿ 270 ಮುಟ್ಟಿ, ದೇಶದಲ್ಲಿ 20 ಲಕ್ಷ ಮತಗಳಿಂದ ಹಿಂದಿದ್ದೂ ಶ್ವೇತಭವನ ಸೇರುತ್ತಿದ್ದರು. ಆಗ ಯಾವ ಪಕ್ಷ ಎಲೆಕ್ಟೋರಲ್ ಕಾಲೇಜನ್ನು ಹೊಗಳುತ್ತಿತ್ತು, ಯಾವುದು ತೆಗಳುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಈಗ ಸಣ್ಣ ರಾಜ್ಯಗಳ ತೂಕದ ಮಾತಿಗೆ ಬರೋಣ. 2020ರ ಜನಗಣತಿಯಂತೆ ವಯೋಮಿಂಗ್‌ನ ಜನಸಂಖ್ಯೆ 5.77 ಲಕ್ಷ, ಎಲೆಕ್ಟರುಗಳು ಮೂವರು: ಒಬ್ಬರಿಗೆ 1.9 ಲಕ್ಷ ಜನ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಎಲೆಕ್ಟರಿಗೆ 7.3 ಲಕ್ಷ. ಅನ್ಯಾಯ ಕಣ್ಣಿಗೆ ರಾಚುವಂತಿದೆ. ಇದಕ್ಕೆ ಕಾರಣ ಪ್ರತಿ ರಾಜ್ಯಕ್ಕೂ ಸೆನೆಟ್ ಲೆಕ್ಕದಲ್ಲಿ ಸಿಗುವ ಎರಡು ಮತಗಳು. ಅವನ್ನು ತೆಗೆದುಹಾಕಿ ಲೆಕ್ಕ ಮಾಡಿದರೆ ಏನಾಗುತ್ತದೆ? 2016ರಲ್ಲಿ ಎಲೆಕ್ಟರುಗಳು ಕೊಟ್ಟ ಮಾತಿನಂತೆ ಟ್ರಂಪ್‌ಗೆ 306, ಕ್ಲಿಂಟನ್‌ಗೆ 232. ಟ್ರಂಪ್ ಗೆದ್ದ 30 ರಾಜ್ಯಗಳ 60 ಮತಗಳನ್ನೂ, ಕ್ಲಿಂಟನ್ ಗೆದ್ದ 20 ರಾಜ್ಯ ಮತ್ತು ರಾಜಧಾನಿಯ 42ನ್ನೂ ಕಳೆದರೆ 246–190. ಟ್ರಂಪ್ ಆರಾಮವಾಗಿ ಗೆಲ್ಲುತ್ತಾರೆ. 2020ರಲ್ಲಿ ಇಬ್ಬರೂ 25 ರಾಜ್ಯಗಳನ್ನು ಗೆದ್ದಿದ್ದರಿಂದ ಈ ಹೆಚ್ಚುವರಿ ಮತಗಳು ಹೆಚ್ಚುಕಡಿಮೆ ಒಂದಕ್ಕೊಂದು ವಜಾ ಆದವು. 2000ದ ಕಥೆ ಮಾತ್ರ ಬೇರೆ: ಇದೇ ಕಳೆಯುವಿಕೆ ಮಾಡಿದರೆ ಬುಷ್ 211ಕ್ಕೆ ಇಳಿದು ಗೋರ್ 225ರೊಂದಿಗೆ ಗೆಲ್ಲುತ್ತಾರೆ, ಫ್ಲಾರಿಡಾದ 537 ಮತಗಳ ಜಗಳವೇ ಬೇಕಿರಲಿಲ್ಲ. ಹಾಗಾಗಿ ಸಣ್ಣ ರಾಜ್ಯಗಳ ತೂಕ ಯಾವಾಗಲೂ ಲೆಕ್ಕಕ್ಕಿಲ್ಲ ಎನ್ನಲಾಗದು. ಅಂತರ ಅತ್ಯಂತ ಕಿರಿದಾದಾಗ ಅದೂ ನಿರ್ಣಾಯಕವಾಗಬಲ್ಲದು. ಆದರೆ ಪ್ರಚಾರದ ಹಣ, ಸಭೆಗಳು, ವಕೀಲರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ನೋಡಿದರೆ ಸಾಕು: ವಯೋಮಿಂಗ್‌ನತ್ತ ಯಾರೂ ಸುಳಿಯುವುದಿಲ್ಲ, ಎಲ್ಲರೂ ಇರುವುದು ಪೆನ್ಸಿಲ್ವೇನಿಯಾದಲ್ಲಿ.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಇದು ಅನುಭವದ ಮಾತು. ಒಂದೇ ಮನೆಯ ಅಣ್ಣ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿಯೂ ತಮ್ಮ ಜಾರ್ಜಿಯಾದ ಅಟ್ಲಾಂಟಾ ಹೊರವಲಯದಲ್ಲಿಯೂ ನೆಲೆಸಿದ್ದಾರೆಂದುಕೊಳ್ಳಿ. ಅಕ್ಟೋಬರ್ ಬಂತೆಂದರೆ ತಮ್ಮನ ಮನೆಯ ಅಂಚೆ ಪೆಟ್ಟಿಗೆ ಪ್ರಚಾರದ ಹಾಳೆಗಳಿಂದ ತುಂಬುತ್ತದೆ, ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಅಣ್ಣನನ್ನು ಅಧ್ಯಕ್ಷ ಅಭ್ಯರ್ಥಿಗಳ ಪರವಾಗಿ ಮತ ಕೇಳುವವರು ಯಾರೂ ಇಲ್ಲ, ಕೇಳಿದರೆ ಅದು ನಿಧಿ ಸಂಗ್ರಹಕ್ಕೆ. ನೃಪತುಂಗ ಕನ್ನಡ ಕೂಟದ ಅಟ್ಲಾಂಟಾ, ಪಂಪ ಕನ್ನಡ ಕೂಟದ ಡೆಟ್ರಾಯಿಟ್ ಎರಡೂ ಇಂಥ ತೂಗುಯ್ಯಾಲೆಯ ರಾಜ್ಯಗಳಲ್ಲಿವೆ. ಜಾರ್ಜಿಯಾವನ್ನು 12 ಸಾವಿರಕ್ಕೂ ಕಡಿಮೆ ಮತಗಳು ನಿರ್ಣಯಿಸಿದ ಮೇಲೆ, ಭಾರತ ಮೂಲದ ಮತದಾರರಂಥ ಸಣ್ಣ ಗುಂಪನ್ನೂ ಎರಡೂ ಪಕ್ಷಗಳು ಹುಡುಕಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮತದ ಹಕ್ಕೇ ಇಲ್ಲದ ಕನ್ನಡಿಗರೂ ಈ ಲೆಕ್ಕದೊಳಗಿದ್ದಾರೆ. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಆಧಾರದಲ್ಲಿ ಹಂಚಲಾಗುತ್ತದೆ, ಜನಗಣತಿ ಎಣಿಸುವುದು ಪ್ರಜೆಗಳನ್ನಲ್ಲ, ನಿವಾಸಿಗಳನ್ನು. ಎಚ್‌1ಬಿ ವೀಸಾದಲ್ಲಿ ಬಂದು ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವ ಇಂಜಿನಿಯರ್ ಮತ ಹಾಕಲಾರ, ಆದರೆ ಆತನ ರಾಜ್ಯಕ್ಕೆ ಎಷ್ಟು ಎಲೆಕ್ಟರುಗಳು ಎಂಬ ಎಣಿಕೆಯಲ್ಲಿ ಆತನೂ ಒಂದು ತಲೆ. ಒಂದೊಂದು ತಲೆಗೂ ಬೆಲೆಯಿದೆ: 2020ರ ಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯ ಇನ್ನೂ 89 ಜನರನ್ನು ಹೆಚ್ಚಾಗಿ ತೋರಿಸಿದ್ದರೆ ಒಂದು ಸ್ಥಾನವನ್ನು ಕಳೆದುಕೊಳ್ಳುತ್ತಿರಲಿಲ್ಲ. ದಾಖಲೆಯಿಲ್ಲದ ವಲಸಿಗರನ್ನು ಈ ಹಂಚಿಕೆಯಿಂದ ಹೊರಗಿಡಬೇಕೆಂದು ಟ್ರಂಪ್ 2020ರಲ್ಲಿ ಆದೇಶ ಹೊರಡಿಸಿದ್ದರು, ಬೈಡನ್ ಬಂದೊಡನೆ ಅದನ್ನು ರದ್ದು ಮಾಡಿದರು. ಆ ವಾದ ಮುಗಿದಂತಿಲ್ಲ. ಆ ಗಣತಿಯ ನಂತರ ಟೆಕ್ಸಸ್‌ಗೆ ಎರಡು, ಫ್ಲಾರಿಡಾಕ್ಕೆ ಒಂದು ಸ್ಥಾನ ಹೆಚ್ಚಿತು. ಕ್ಯಾಲಿಫೋರ್ನಿಯಾ, ಇಲಿನಾಯ್, ಮಿಷಿಗನ್, ಪೆನ್ಸಿಲ್ವೇನಿಯಾ ತಲಾ ಒಂದನ್ನು ಕಳೆದುಕೊಂಡವು. 2028ರಲ್ಲೂ ಇದೇ ಹಂಚಿಕೆ. ಜನ ದಕ್ಷಿಣದತ್ತ ಸರಿಯುವುದು ಹೀಗೇ ಮುಂದುವರಿದರೆ, ಮೂರು ಉತ್ತರದ ರಾಜ್ಯಗಳನ್ನು ಗೆದ್ದರೆ ಸಾಕು ಎಂಬ ಡೆಮಾಕ್ರಟಿಕ್ ಪಕ್ಷದ ಲೆಕ್ಕ 2032ರಲ್ಲಿ 270ಕ್ಕೆ ಮುಟ್ಟದೆ ಹೋಗಬಹುದು.

269–269 ಆದರೆ ಏನು? ಹನ್ನೆರಡನೇ ತಿದ್ದುಪಡಿಯಂತೆ ಅಧ್ಯಕ್ಷರ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತದೆ, ಅಲ್ಲಿ ಸದಸ್ಯರಿಗೆ ಒಂದೊಂದು ಮತವಲ್ಲ, ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದ 52 ಸದಸ್ಯರು ಕೂಡಿ ಒಂದು ಮತ, ವಯೋಮಿಂಗ್‌ನ ಒಬ್ಬರೇ ಸದಸ್ಯರಿಗೂ ಒಂದು ಮತ. 26 ಬಂದವರು ಅಧ್ಯಕ್ಷರು. 2020ರಲ್ಲಿ ಸಭೆಯ ಒಟ್ಟು ಬಹುಮತ ಡೆಮಾಕ್ರಟಿಕ್ ಪಕ್ಷದ್ದಾಗಿದ್ದರೂ ಹೆಚ್ಚಿನ ರಾಜ್ಯಗಳ ನಿಯೋಗಗಳಲ್ಲಿ ರಿಪಬ್ಲಿಕನ್ನರೇ ಬಹುಸಂಖ್ಯಾತರಾಗಿದ್ದರಿಂದ, ಸಮಸಮ ಎಂದರೆ ಟ್ರಂಪ್ ಗೆದ್ದಂತೆಯೇ ಆಗುತ್ತಿತ್ತು. ಅಧ್ಯಕ್ಷರ ಆಯ್ಕೆ ಹೀಗೆ ಸಭೆಗೆ ಹೋದದ್ದು ಬಹಳ ಹಿಂದೆ. 1824ರಲ್ಲಿ ಯಾರಿಗೂ ಬಹುಮತ ಸಿಗದೆ ಹೀಗೆಯೇ, 99 ಎಲೆಕ್ಟೋರಲ್ ಮತ ಪಡೆದ ಆಂಡ್ರೂ ಜಾಕ್ಸನ್ ಅವರನ್ನು ಬಿಟ್ಟು 84 ಪಡೆದ ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಸಭೆ ಆರಿಸಿತು.

ಎಲೆಕ್ಟರುಗಳೇ ಮಾತು ತಪ್ಪುವ ಭಯ ಈಗ ಅಷ್ಟಿಲ್ಲ. 2016ರಲ್ಲಿ ಏಳು ಮಂದಿ ಬೇರೆಯವರಿಗೆ ಮತ ಹಾಕಿದ ನಂತರ, ಅಂಥವರನ್ನು ರಾಜ್ಯಗಳು ದಂಡಿಸಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಎಣಿಕೆಯ ಹಂತದ ಭಯ ಅದಕ್ಕಿಂತ ದೊಡ್ಡದು. ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ಉಪಾಧ್ಯಕ್ಷರು ಪೀಠದಲ್ಲಿ ಕುಳಿತು ರಾಜ್ಯಗಳ ಲಕೋಟೆಗಳನ್ನು ತೆರೆಯುತ್ತಾರೆ. 2021ರ ಜನವರಿ 6ರಂದು ಉಪಾಧ್ಯಕ್ಷ ಮೈಕ್ ಪೆನ್ಸ್ ಕೆಲವು ರಾಜ್ಯಗಳ ಮತಗಳನ್ನು ತಿರಸ್ಕರಿಸಬೇಕೆಂದು ಟ್ರಂಪ್ ಒತ್ತಾಯಿಸಿದರು, ಪೆನ್ಸ್ ಒಪ್ಪಲಿಲ್ಲ, ಗುಂಪು ಸಂಸತ್ ಭವನಕ್ಕೆ ನುಗ್ಗಿತು. 1887ರ ಎಣಿಕೆ ಕಾಯ್ದೆಯ ಅಸ್ಪಷ್ಟ ವಾಕ್ಯಗಳೇ ಅದಕ್ಕೆ ಎಡೆ ಮಾಡಿಕೊಟ್ಟಿದ್ದವು. 2022ರ ಸುಧಾರಣಾ ಕಾಯ್ದೆ ಉಪಾಧ್ಯಕ್ಷರದು ಬರೀ ಔಪಚಾರಿಕ ಪಾತ್ರವೆಂದು ಸ್ಪಷ್ಟಪಡಿಸಿ, ಆಕ್ಷೇಪ ಎತ್ತಲು ಮೊದಲು ಸದನಕ್ಕೊಬ್ಬ ಸದಸ್ಯ ಸಾಕಿದ್ದುದನ್ನು ಎರಡೂ ಸದನಗಳ ಐದನೇ ಒಂದು ಭಾಗಕ್ಕೆ ಏರಿಸಿತು. 2025ರ ಜನವರಿ 6ರಂದು ಪೀಠದಲ್ಲಿದ್ದದ್ದು ಹ್ಯಾರಿಸ್. ತಮ್ಮದೇ 226ನ್ನು ಅವರು ಓದಿ ಹೇಳಿದರು, 1961ರಲ್ಲಿ ರಿಚರ್ಡ್ ನಿಕ್ಸನ್ ಮತ್ತು 2001ರಲ್ಲಿ ಗೋರ್ ತಮ್ಮ ಸೋಲನ್ನು ಓದಿದಂತೆಯೇ; ಯಾರೂ ಆಕ್ಷೇಪವೆತ್ತಲಿಲ್ಲ, ಎಲ್ಲ ಅರ್ಧ ತಾಸಿನ ಆಸುಪಾಸಿನಲ್ಲಿ ಮುಗಿಯಿತು.

ಪರಿಹಾರವಾಗಿ ಸೂಚಿಸಲಾಗುವ ದಾರಿಗಳಲ್ಲಿ ಯಾವುದೂ ಸಲೀಸಲ್ಲ. ನೇರ ಚುನಾವಣೆಗಾಗಿ ಸಂವಿಧಾನ ತಿದ್ದುಪಡಿ 1969ರಲ್ಲಿ ಪ್ರತಿನಿಧಿ ಸಭೆಯಲ್ಲಿ ಭಾರೀ ಬಹುಮತದಿಂದ ಪಾಸಾಗಿ, ಮರುವರ್ಷ ಸೆನೆಟ್‌ನಲ್ಲಿ ಮುಗಿಯದ ಭಾಷಣಗಳ ತಡೆಗೆ ಸಿಕ್ಕಿ ಸತ್ತಿತು. ಎಲ್ಲ ರಾಜ್ಯಗಳೂ ನೆಬ್ರಾಸ್ಕದ ದಾರಿ ಹಿಡಿಯಲಿ ಎನ್ನುವವರು 2012ನ್ನು ನೆನಪಿಸಿಕೊಳ್ಳಬೇಕು: ದೇಶವಿಡೀ ಕ್ಷೇತ್ರವಾರು ಎಣಿಸಿದ್ದರೆ, 50 ಲಕ್ಷ ಮತಗಳಿಂದ ಹಿಂದಿದ್ದ ಮಿಟ್ ರಾಮ್ನಿ 274 ಮತ ಪಡೆದು ಅಧ್ಯಕ್ಷರಾಗುತ್ತಿದ್ದರು. ಕ್ಷೇತ್ರದ ಗಡಿಗಳನ್ನು ಪಕ್ಷಗಳೇ ಕೊರೆಯುವ ದೇಶದಲ್ಲಿ ಅಧ್ಯಕ್ಷ ಪದವಿಯನ್ನೂ ಆ ಗಡಿಗಳಿಗೆ ಕಟ್ಟಿಹಾಕುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಮೂರನೆಯ ದಾರಿ ರಾಜ್ಯಗಳ ಒಪ್ಪಂದ: ಒಟ್ಟು 270 ಮತಗಳಷ್ಟು ರಾಜ್ಯಗಳು ಸೇರಿದ ದಿನದಿಂದ, ಅವೆಲ್ಲ ತಮ್ಮ ಎಲೆಕ್ಟರುಗಳನ್ನು ದೇಶದ ಒಟ್ಟು ಮತದಲ್ಲಿ ಗೆದ್ದವರಿಗೆ ಕೊಡುವುದು. 2007ರಲ್ಲಿ ಮೇರಿಲ್ಯಾಂಡ್ ಮೊದಲು ಸಹಿ ಹಾಕಿತು, 2024ರಲ್ಲಿ ಮೇನ್ ಸೇರಿದಾಗ ಮೊತ್ತ 209ಕ್ಕೆ ಬಂತು. ನನಗೆ ಇದರ ಗಟ್ಟಿತನದ ಬಗ್ಗೆ ಅನುಮಾನವಿದೆ. ಒಪ್ಪಂದ 2024ರಲ್ಲಿ ಜಾರಿಯಲ್ಲಿದ್ದಿದ್ದರೆ, ಹ್ಯಾರಿಸ್ ಅವರನ್ನು ಭಾರೀ ಅಂತರದಿಂದ ಗೆಲ್ಲಿಸಿದ ಅವರದೇ ತವರು ಕ್ಯಾಲಿಫೋರ್ನಿಯಾ ತನ್ನ 54 ಮತಗಳನ್ನೂ ಟ್ರಂಪ್ ಅವರಿಗೆ ಒಪ್ಪಿಸಬೇಕಾಗುತ್ತಿತ್ತು. ಅದರ ರಾಜಧಾನಿ ಸಾಕ್ರಮೆಂಟೊದ ಶಾಸಕರು ಅಂಥ ದಿನ ಮಾತಿಗೆ ನಿಲ್ಲುತ್ತಿದ್ದರೇ ಎಂಬುದು ಕಾಗದದ ಮೇಲೆ ಬಗೆಹರಿಯುವ ಪ್ರಶ್ನೆಯಲ್ಲ; ಇಷ್ಟೆಲ್ಲ ಗೊಂದಲಕ್ಕೆ ಕಾರಣವಾದ ರಾಜ್ಯದ ಅಧಿಕಾರವನ್ನೇ ಈ ಒಪ್ಪಂದವೂ ನೆಚ್ಚಿಕೊಂಡಿದೆ.

ಅತ್ತ ನೆಬ್ರಾಸ್ಕದಲ್ಲಿ, 2025ರಲ್ಲಿ ಅದೇ ಮಸೂದೆ ಮತ್ತೆ ಸದನಕ್ಕೆ ಬಂತು. ಈ ಸಲ ಚುನಾವಣೆ ಹೊಸ್ತಿಲಲ್ಲಿದೆ ಎಂಬ ನೆಪ ಇರಲಿಲ್ಲ, ರಾಜ್ಯಪಾಲ ಜಿಮ್ ಪಿಲ್ಲೆನ್ ಅವರ ಬೆಂಬಲವೂ ಇತ್ತು. ಚರ್ಚೆಯ ತಡೆಯನ್ನು ಮುರಿಯಲು ಬೇಕಾದ 33 ಮತಗಳು ಕೂಡದೆ ಅದು ಏಪ್ರಿಲ್‌ನಲ್ಲಿ ಬಿತ್ತು. 2028ಕ್ಕೆ ಮುನ್ನ ಆ ಸದನದಲ್ಲಿ ಅದನ್ನು ಮತ್ತೆ ತರಲು ಸಮಯವಿದೆ, ಒಮಾಹಾದ ಮನೆಗಳಲ್ಲಿ ನೀಲಿ ಚುಕ್ಕೆಯ ಹಲಗೆಗಳನ್ನು ಇನ್ನೂ ಎಸೆಯದೆ ಇಟ್ಟುಕೊಂಡವರಿದ್ದರೆ ಅದು ಕಾರಣವಿಲ್ಲದೆ ಅಲ್ಲ.